ಪ್ರಮೋಟರೇ ಮ್ಯಾನೇಜರ್ ಆದರೆ ಬಾಕ್ಸರ್‌ಗೆ ನಷ್ಟ ಹೇಗೆ?

ಪ್ರಶ್ನೆ: ಅಮೆರಿಕದ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಪ್ರಮೋಟರ್ ಮತ್ತು ಮ್ಯಾನೇಜರ್ ಬೇರೆಬೇರೆ ಇರಬೇಕೆಂದು ಕಾನೂನೇ ಇದೆಯಂತೆ. ಯಾಕೆ? ಅದರಿಂದ ಮೋಸ ನಿಂತಿದೆಯೇ?

ಉತ್ತರ: ಕಾನೂನು ಇದೆ. ಮಹಮ್ಮದ್ ಅಲಿ ಹೆಸರಿನ ಆ ಕಾಯ್ದೆಗೆ 2000ದ ಮೇನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು.

ಪ್ರಮೋಟರ್ ಪಂದ್ಯ ಏರ್ಪಡಿಸಿ ಟಿಕೆಟ್, ಟಿವಿ ಹಕ್ಕು ಮಾರುತ್ತಾನೆ. ಬಾಕ್ಸರ್‌ಗಳಿಗೆ ಕೊಟ್ಟು, ಖರ್ಚು ಕಳೆದು ಮಿಕ್ಕಿದ್ದು ಅವನದು. ಬಾಕ್ಸರ್ ಪರ ಚೌಕಾಸಿ ಮಾಡುವವನು ಮ್ಯಾನೇಜರ್. ಕ್ಯಾಲಿಫೋರ್ನಿಯಾದಲ್ಲಿ ಅವನ ಪಾಲು ಸಂಭಾವನೆಯ ಮೂರನೇ ಒಂದು ಭಾಗ ಮೀರುವಂತಿಲ್ಲ. ಇಬ್ಬರೂ ಒಬ್ಬನೇ ಆದಾಗ ಲೆಕ್ಕ ನೋಡಿ: ಸಂಭಾವನೆಯಲ್ಲಿ 90,000 ಡಾಲರ್ ಕಡಿತ ಮಾಡಿದರೆ ಮ್ಯಾನೇಜರಾಗಿ 30,000 ಕಳೆದುಕೊಳ್ಳುತ್ತಾನೆ, ಪ್ರಮೋಟರಾಗಿ 90,000 ಉಳಿಸಿಕೊಳ್ಳುತ್ತಾನೆ. ಮಗನನ್ನೋ ಬಾಮೈದನನ್ನೋ ಮುಂದೆ ಬಿಟ್ಟರೂ ದುಡ್ಡು ಮನೆಯೊಳಗೇ. ಹಾಗಾಗಿ ಕಾಯ್ದೆ 'ನೇರ ಅಥವಾ ಪರೋಕ್ಷ' ಪಾಲುದಾರಿಕೆ ಎರಡನ್ನೂ ನಿಷೇಧಿಸಿದೆ. ತಪ್ಪಿದರೆ ಒಂದು ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ.

ತೂತು ಇರುವುದೂ ಇಲ್ಲೇ. ಈ ನಿಷೇಧ 10 ಸುತ್ತು ಅಥವಾ ಅದಕ್ಕಿಂತ ಹೆಚ್ಚಿನ ಪಂದ್ಯ ಆಡುವವರಿಗೆ ಮಾತ್ರ. ನಾಲ್ಕು, ಆರು ಸುತ್ತು ಆಡುತ್ತಾ, ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕುವ ಹೊಸ ಹುಡುಗನಿಗೆ ಇದರ ರಕ್ಷಣೆಯಿಲ್ಲ.

ಇನ್ನೊಂದು ಒಳ್ಳೆಯ ನಿಯಮ: ಪಂದ್ಯದಿಂದ ತನಗೆಷ್ಟು ಬರುತ್ತದೆ, ಬಾಕ್ಸರ್‌ನಿಂದ ಏನೇನು ಮುರಿದುಕೊಳ್ಳುತ್ತಾನೆ ಎಂಬುದನ್ನು ಬಾಕ್ಸರ್‌ಗೆ ತಿಳಿಸುವವರೆಗೂ ಪ್ರಮೋಟರ್ ಆ ಪಂದ್ಯದ ಹಣ ಪಡೆಯುವ ಹಾಗಿಲ್ಲ. ತೀರ್ಪುಗಾರರೂ ತಮಗೆ ಯಾರಿಂದ ಎಷ್ಟು ಬಂತೆಂದು ರಾಜ್ಯದ ಬಾಕ್ಸಿಂಗ್ ಆಯೋಗಕ್ಕೆ ತಿಳಿಸಬೇಕು.

ರ‍್ಯಾಂಕಿಂಗ್ ಮೇಲೂ ಕಣ್ಣಿಡಲು ಕಾರಣವಿತ್ತು. ಶ್ರೇಯಾಂಕಕ್ಕೆ ಲಂಚ ಪಡೆದ ಆರೋಪದ ಮೇಲೆ ಬಾಕ್ಸರ್‌ಗಳಿಗೆ ಶ್ರೇಯಾಂಕ, ಪ್ರಶಸ್ತಿ ಕೊಡುವ ಸಂಸ್ಥೆಗಳಲ್ಲೊಂದಾದ ಐಬಿಎಫ್ (ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಫೆಡರೇಶನ್) ಅಧ್ಯಕ್ಷ ಬಾಬ್ ಲೀ ಮೇಲೆ 1999ರಲ್ಲಿ ಮೊಕದ್ದಮೆ ಬಿತ್ತು. ಹೆಚ್ಚಿನ ಆರೋಪಗಳಿಂದ ಖುಲಾಸೆಯಾದರೂ ಹಣ ಅಕ್ರಮ ವರ್ಗಾವಣೆ, ತೆರಿಗೆ ವಂಚನೆಯಂಥವು ಸಾಬೀತಾಗಿ 22 ತಿಂಗಳ ಶಿಕ್ಷೆಯಾಯಿತು. ಈಗ ಬಾಕ್ಸರ್ ತನ್ನ ಸ್ಥಾನವನ್ನು ಲಿಖಿತವಾಗಿ ಪ್ರಶ್ನಿಸಿದರೆ ಸಂಸ್ಥೆ ಏಳು ದಿನಗಳೊಳಗೆ ಕಾರಣ ಬರೆದು ಕೊಡಬೇಕು.

ಮೋಸ ನಿಂತಿದೆ ಎನ್ನಲಾಗದು. ಕೇಂದ್ರದ ಪ್ರಾಸಿಕ್ಯೂಟರ್‌ಗಳು ಈ ಕಾಯ್ದೆಯಡಿ ಕೇಸು ಹಾಕುವುದು ತೀರಾ ಅಪರೂಪ. ನಷ್ಟವಾದ ಬಾಕ್ಸರ್ ತಾನೇ ದಾವೆ ಹೂಡಬಹುದು, ಆದರೆ ಮುಂದಿನ ಪಂದ್ಯಕ್ಕೆ ಆತ ಹೋಗಬೇಕಾದದ್ದು ಅದೇ ಪ್ರಮೋಟರ್ ಬಳಿಗೆ.