ಎರಡು ಮೂತ್ರಪಿಂಡ, ಒಂದು ಘಾತ

ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಜೀವಸಂಖ್ಯಾಶಾಸ್ತ್ರ ಬೋಧಿಸುವ ನನಗೆ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಮಾಡುವುದನ್ನು ಕಲಿಸುವ ಹೊಣೆಯೂ ಇದೆ. ಬಿ.ಎಡ್. ಓದಿದವರಿಗೆ ಪರಿಚಿತವಾದ ಸೂಕ್ಷ್ಮ ಬೋಧನೆಯ ಕ್ರಮವನ್ನೇ ನಾವು ಅನುಸರಿಸುತ್ತೇವೆ: ಏಳು ನಿಮಿಷ ಪಾಠ, ಸಹಪಾಠಿಗಳ ವಿಮರ್ಶೆ, ಬಳಿಕ ತಿದ್ದಿಕೊಂಡು ಮತ್ತೆ ಅದೇ ಪಾಠ. ಈ ಕ್ರಮದ ನಿಜವಾದ ಪರೀಕ್ಷೆ ನಡೆಯುವುದು ಸಂಭವನೀಯತಾ ವಿತರಣೆಗಳನ್ನು (ಯಾವ ಬೆಲೆ ಬರುವ ಸಾಧ್ಯತೆ ಎಷ್ಟು ಎಂದು ಹೇಳುವ ಸೂತ್ರಗಳನ್ನು) ವಿಸ್ತರಿಸುವ ಪಾಠದಲ್ಲಿ, ಏಕೆಂದರೆ ಹೊಸ ನಿಯತಾಂಕವೊಂದು (ವಿತರಣೆಯ ರೂಪವನ್ನು ನಿರ್ಧರಿಸುವ ಸಂಖ್ಯೆ) ಏಕೆ ಬೇಕಾಯಿತು ಎಂಬುದನ್ನು ಹೇಳದೆ ಸೂತ್ರವನ್ನಷ್ಟೇ ಬರೆದರೆ ಕೇಳುಗರು ಅದನ್ನು ನಕಲು ಮಾಡಿಕೊಂಡು ಸುಮ್ಮನಾಗುತ್ತಾರೆ.

ಹಳೆಯ ವಿತರಣೆ ಎಲ್ಲಿ ಸೋಲುತ್ತದೆ ಎಂಬಲ್ಲಿಂದಲೇ ಆರಂಭಿಸಿ ಎನ್ನುತ್ತೇನೆ. ವಾರ್ಡಿನಲ್ಲಿ ರೋಗಿಗಳು ಉಳಿಯುವ ಅವಧಿಯ ಸರಾಸರಿ 6 ದಿನ, ಮಾನಕ ವಿಚಲನೆ (ಅವಧಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 5 ದಿನ ಎಂದುಕೊಳ್ಳಿ. ಘಂಟೆಯಾಕಾರದ ವಿತರಣೆಯನ್ನು ನಂಬಿ, ಬಹುಪಾಲು ರೋಗಿಗಳ ಅವಧಿಯ ಕೆಳಮಿತಿ ತಿಳಿಯಲು ಸರಾಸರಿಯಿಂದ ಎರಡು ಮಾನಕ ವಿಚಲನೆ ಕಳೆದರೆ ಮೈನಸ್ 4 ದಿನ ಬರುತ್ತದೆ; ದಾಖಲಾಗುವ ಮೊದಲೇ ರೋಗಿಯನ್ನು ಡಿಸ್ಚಾರ್ಜ್ ಮಾಡಿದ ಹಾಗೆ!

ಸ್ವೀಡನ್ನಿನ ಎಂಜಿನಿಯರ್ ವೈಬುಲ್ 1951ರ ಪ್ರಬಂಧದಲ್ಲಿ ಪ್ರಚುರಪಡಿಸಿದ ವಿತರಣೆ ಇಂತಹ ಅವಧಿಗಳಿಗೆ ಚೆನ್ನಾಗಿ ಒದಗುತ್ತದೆ. ಅದರ ಆಕಾರ ನಿಯತಾಂಕ 1ಕ್ಕಿಂತ ಕಡಿಮೆಯಿದ್ದರೆ ಕಾಲ ಸರಿದಂತೆ ಆಯಾ ಕ್ಷಣದಲ್ಲಿ ಘಟನೆ ನಡೆಯುವ ಅಪಾಯ ಇಳಿಯುತ್ತದೆ, 1 ಆಗಿದ್ದರೆ ಸ್ಥಿರವಾಗಿರುತ್ತದೆ, ಹೆಚ್ಚಿದ್ದರೆ ಏರುತ್ತದೆ. ಆದರೆ ಮನುಷ್ಯನ ಸಾವಿನ ಅಪಾಯ ಹುಟ್ಟಿದೊಡನೆ ಹೆಚ್ಚಿದ್ದು, ಬಾಲ್ಯದಲ್ಲಿ ಇಳಿದು, ಮುಂದೆ ವಯಸ್ಸಿನೊಂದಿಗೆ ಏರುತ್ತದೆ. ಇಳಿದು ಏರುವ ಈ ರೇಖೆಯನ್ನು ವೈಬುಲ್ ಒಂದೇ ಕೊಡಲಾರದು. 1993ರಲ್ಲಿ ಮುಧೋಳ್ಕರ್ ಮತ್ತು ಶ್ರೀವಾಸ್ತವ ಅವರು ವೈಬುಲ್‌ನ ಸಂಚಿತ ವಿತರಣೆಗೆ (ಇಂತಿಷ್ಟು ಕಾಲದೊಳಗೆ ಘಟನೆ ನಡೆಯುವ ಸಂಭವನೀಯತೆಗೆ) ಒಂದು ಘಾತ (ಗಣಿತದ ಪವರ್) ಸೇರಿಸಿದರು. ಆಕಾರ ನಿಯತಾಂಕ 1ಕ್ಕಿಂತ ಹೆಚ್ಚಿದ್ದು, ಅದಕ್ಕೂ ಘಾತಕ್ಕೂ ಬರುವ ಗುಣಲಬ್ಧ 1ಕ್ಕಿಂತ ಕಡಿಮೆಯಾದಾಗ ಆ ರೇಖೆ ದೊರೆಯುತ್ತದೆ.

ಇದನ್ನು ಪಾಠ ಮಾಡಿದ ವಿದ್ಯಾರ್ಥಿನಿಯೊಬ್ಬರು ಮೊದಲ ಸಲ ಏಳು ನಿಮಿಷವನ್ನೂ ಬೋರ್ಡಿಗೆ ಮುಖ ಮಾಡಿಯೇ ಕಳೆದರು. ಎರಡನೆಯ ಸಲ ಅವರು ಮೂತ್ರಪಿಂಡಗಳಿಂದ ಆರಂಭಿಸಿದರು: ಇಂತಿಷ್ಟು ವರ್ಷದೊಳಗೆ ಒಂದು ಮೂತ್ರಪಿಂಡ ವಿಫಲವಾಗುವ ಸಂಭವನೀಯತೆ ಇಷ್ಟು ಎಂದಾದರೆ, ಎರಡೂ ವಿಫಲವಾಗುವುದಕ್ಕೆ ಅದನ್ನು ಅದರಿಂದಲೇ ಗುಣಿಸಬೇಕು, ಅಂದರೆ ಘಾತ 2, ಘಾತ ಪೂರ್ಣಾಂಕವೇ ಆಗಿರಬೇಕೆಂಬ ಹಟವನ್ನು ಬಿಟ್ಟರೆ ವಿಸ್ತರಣೆ ಸಿದ್ಧ. ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರೂ ತಲೆಯೆತ್ತಿದರು.

ಆಗ ಕಿರಿಯನೊಬ್ಬ, "ಮೇಡಂ, ಸಕ್ಕರೆ ಕಾಯಿಲೆ ಎರಡನ್ನೂ ಒಟ್ಟಿಗೇ ಕೆಡಿಸುತ್ತದಲ್ಲ, ಗುಣಿಸುವುದು ಹೇಗೆ?" ಎಂದು ಕೇಳಿದ. ಆಕೆ ತುಸು ಯೋಚಿಸಿ, ಗುಣಾಕಾರದ ಕೆಳಗೆ "ಒಂದರ ವೈಫಲ್ಯ ಇನ್ನೊಂದಕ್ಕೆ ಸಂಬಂಧಿಸದಿದ್ದರೆ ಮಾತ್ರ" ಎಂದು ಬರೆದು, ಸಂಬಂಧವಿದ್ದಾಗ ಎರಡೂ ವಿಫಲವಾಗುವ ಸಂಭವನೀಯತೆ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂದು ತರಗತಿಯನ್ನೇ ಕೇಳಿದರು. ಏಳು ನಿಮಿಷ ಮುಗಿದಿತ್ತು, ನಾನು ಗಂಟೆ ಬಾರಿಸಲಿಲ್ಲ.