ಕ್ಯೂಸೆಕ್ ಎಷ್ಟು ಅಂತ ಗೊತ್ತಾಯ್ತು, ದಿನ ಎಷ್ಟು?

2016ರ ಸೆಪ್ಟೆಂಬರ್. ಮಂಡ್ಯದ ಸಂಜಯ ವೃತ್ತದಲ್ಲಿ ಟೈರ್ ಉರಿಯುತ್ತಿತ್ತು. ತಮಿಳುನಾಡಿಗೆ ಕಾವೇರಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಆದೇಶ ಬಂದಿತ್ತು, ಎಲ್ಲರ ಬಾಯಲ್ಲೂ ‘15 ಸಾವಿರ’ ಕ್ಯೂಸೆಕ್. ಟೀ ಅಂಗಡಿಯಲ್ಲಿ ಒಬ್ಬರು ಅದನ್ನು ‘ದಿನಾ 15 ಟಿಎಂಸಿ’ ಅಂದುಬಿಟ್ಟರು. ಹಾಗಿದ್ದರೆ ತುಂಬಿದ ಕೆಆರ್‌ಎಸ್ ಕೂಡ ನಾಲ್ಕೇ ದಿನಕ್ಕೆ ಬರಿದಾಗಬೇಕು. ಅದರ ಸಾಮರ್ಥ್ಯವೇ 49.45 ಟಿಎಂಸಿ.

ಕ್ಯೂಸೆಕ್ ಹರಿವಿನ ಅಳತೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಟಿಎಂಸಿ ರಾಶಿಯ ಅಳತೆ, 100 ಕೋಟಿ ಘನ ಅಡಿ. 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಇದರ ಜೊತೆಗೆ ಕ್ಯೂಮೆಕ್ ಅಂತ ಇನ್ನೊಂದಿದೆ, ಸೆಕೆಂಡಿಗೆ ಒಂದು ಘನ ಮೀಟರ್. ಒಂದಕ್ಷರ ತಪ್ಪಿದರೆ ನೀರು 35 ಪಟ್ಟು ಆಚೀಚೆ!

ಕಾವೇರಿ ನೀರಿನ ಹಂಚಿಕೆಗೆ 1892 ಮತ್ತು 1924ರ ಒಪ್ಪಂದ, 1990ರ ನ್ಯಾಯಮಂಡಳಿ, 2007ರ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು. ಇಷ್ಟರಲ್ಲಿ ನೂರಿಪ್ಪತ್ತು ವರ್ಷ ದಾಟಿತು. ತಮಿಳುನಾಡಿಗೆ ವರ್ಷಕ್ಕೆ 192 ಟಿಎಂಸಿ ಅಂತಿದ್ದದ್ದು 177.25ಕ್ಕೆ ಇಳಿಯಿತು. ಗೋಜಲು ಇಲ್ಲೇ ಇದೆ. ವರ್ಷದ ಪಾಲು ಟಿಎಂಸಿಯಲ್ಲಿ, ಬರ ಬಂದಾಗಿನ ಆದೇಶ ಕ್ಯೂಸೆಕ್‌ನಲ್ಲಿ. ಸುದ್ದಿಯಲ್ಲಿ ಸಂಖ್ಯೆ ದಪ್ಪಕ್ಷರದಲ್ಲಿ ಬರುತ್ತದೆ, ದಿನದ ಲೆಕ್ಕ ಎಲ್ಲೋ ಕೆಳಗೆ.

ಅವತ್ತು ಟೀ ಅಂಗಡಿಯ ಬೆಂಚಿನಲ್ಲಿ ಕೂತು ಪೇಪರಿನ ಅಂಚಿನಲ್ಲೇ ಗುಣಿಸಿದೆ. ಸೆಪ್ಟೆಂಬರ್ 5ರ ಆದೇಶ 15 ಸಾವಿರ ಕ್ಯೂಸೆಕ್, 10 ದಿನ. ಒಟ್ಟು 1.5 ಲಕ್ಷ. ಅದನ್ನು 11,574ರಿಂದ ಭಾಗಿಸಿದರೆ ಹತ್ತಿರತ್ತಿರ 13 ಟಿಎಂಸಿ. ಆ ವರ್ಷದ ಮಳೆಗೆ ಅದೇನು ಸಣ್ಣ ನೀರಲ್ಲ. ಸಿಟ್ಟು ಸುಮ್ನೆ ಬಂದದ್ದಲ್ಲ, ಅದಕ್ಕೆ ಹಿಡಿದ ಸಂಖ್ಯೆ ಮಾತ್ರ ಬೇರೆ. ವಾರದಲ್ಲೇ ಆದೇಶ 12 ಸಾವಿರಕ್ಕೆ ಇಳಿದಾಗ ದಿನಗಳ ಲೆಕ್ಕವೂ ಬದಲಾಯಿತು. ಅದನ್ನು ಗುಣಿಸಿದವರು ಕಡಿಮೆ.

2023ರಲ್ಲಿ ಮತ್ತೆ ಅದೇ ವೃತ್ತ, ಈ ಸಲ ‘5 ಸಾವಿರ’. 15 ದಿನಕ್ಕೆ ಸುಮಾರು ಆರೂವರೆ ಟಿಎಂಸಿ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಹಿರಿಯರೊಬ್ಬರು ಮೊಬೈಲ್ ನೋಡಲಿಲ್ಲ. ಕಟ್ಟು ನೀರಿನಲ್ಲಿ ಭತ್ತ ಬೆಳೆದವರು. ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಅನ್ನೋದೇ ಅವರ ಲೆಕ್ಕ. ಲೋಟ ಕೆಳಗಿಟ್ಟು ಕೇಳಿದರು: “ಅದಿರ್ಲಿ ಬುಡಿ, ಎಷ್ಟ್ ದಿನ ಬುಡ್ತಾರಂತೆ?”