ಬೇಕಾದ ಕನ್ನಡ ಪುಸ್ತಕ ಇ-ಬುಕ್ ಆಗಿ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ನಾವು ಮೂಡಿಗೆರೆ ಕಡೆ ತೋಟದಲ್ಲಿರುವವರು. ಪುಸ್ತಕ ಬೇಕೆಂದರೆ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಬೇಕು. ಮಳೆಗಾಲದಲ್ಲಿ ಮನೆಯ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಮೊಬೈಲಿನಲ್ಲೇ ಓದೋಣ ಅಂತ ಹುಡುಕಿದರೆ ಕನ್ನಡದ ಹಳೆಯ ಪುಸ್ತಕಗಳು ಸಿಗುವುದಿಲ್ಲ. ಪ್ರಕಾಶಕರ ಹತ್ತಿರ ಫೈಲ್ ಇರುತ್ತದಲ್ವಾ? ಅದನ್ನು ಹಾಕೋಕೆ ಏನು ಕಷ್ಟ?

ಉತ್ತರ: ಫೈಲ್ ಇರುತ್ತದೆ. ಆದರೆ ಅದು ಪ್ರೆಸ್ಸಿಗಾಗಿ ಮಾಡಿದ್ದು. ಕನ್ನಡದ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಬಹಳ ವರ್ಷ ನಡೆದದ್ದು ಪೇಜ್‌ಮೇಕರ್‌ನಲ್ಲಿ, ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಅವು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಮೊಬೈಲು, ಕಂಪ್ಯೂಟರುಗಳಿಗೂ ಅರ್ಥವಾಗುವ ಒಂದೇ ಅಕ್ಷರ ಸಂಕೇತದಲ್ಲಿ ಇಲ್ಲ. ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಬರೀ ಗೋಜಲು. ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳಿವೆ. ಆದರೆ ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ಅವು ಎಡವುತ್ತವೆ. ಹಾಗಾಗಿ ಮುನ್ನೂರು ಪುಟದ ಕಾದಂಬರಿಯಾದರೆ ಮೊದಲ ಪುಟದಿಂದ ಮತ್ತೆ ಕರಡು ತಿದ್ದಬೇಕು. ಅಚ್ಚುಮೊಳೆ ಕಾಲದ ಪುಸ್ತಕಕ್ಕಂತೂ ಫೈಲೇ ಇಲ್ಲ.

ಪಿಡಿಎಫ್ ಕೊಡಬಹುದಲ್ವಾ ಅಂತ ನೀವು ಕೇಳಬಹುದು. ಪಿಡಿಎಫ್‌ನಲ್ಲಿ ಪುಟದ ಅಳತೆ ಬದಲಾಗುವುದಿಲ್ಲ. ಅಕ್ಷರ ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯಬೇಕು. ಇ-ಬುಕ್ಕಿಗೆಂದೇ ಇರುವ ಇಪಬ್ ಎಂಬ ಫೈಲ್ ಮಾದರಿಯಲ್ಲಿ ಅಕ್ಷರ ದೊಡ್ಡದಾದಂತೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಕನ್ನಡಕ ಹಾಕಿಕೊಂಡೇ ಓದುವ ಹಿರಿಯರಿಗೆ ಇದು ಸಣ್ಣ ಅನುಕೂಲವಲ್ಲ.

ಇದೆಲ್ಲ ದುಡಿಮೆಯ ಮಾತು, ಕೂತರೆ ಮುಗಿಯುತ್ತದೆ. ನನ್ನ ಪ್ರಕಾರ ದೊಡ್ಡ ತೊಡಕು ಹಕ್ಕಿನದು. ಹಳೆಯ ಒಪ್ಪಂದಗಳಲ್ಲಿ ಇ-ಬುಕ್ ಎಂಬ ಮಾತೇ ಇಲ್ಲ. ಎಷ್ಟೋ ಕಡೆ ಒಪ್ಪಂದವೇ ಬಾಯಿಮಾತಿನದು. ಒಪ್ಪಂದದ ಕಾಲಕ್ಕೆ ಬಳಕೆಯಲ್ಲಿ ಇಲ್ಲದ ಮಾಧ್ಯಮಕ್ಕೆ ಹಕ್ಕು ಸಿಗಬೇಕಾದರೆ ಅದನ್ನು ಹೆಸರಿಸಿ ಬರೆದಿರಬೇಕು ಎಂದು 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂತು. ಲೇಖಕರಿಗೆ ಇದು ಒಳ್ಳೆಯದೇ. ಆದರೆ ಲೇಖಕರು ತೀರಿಕೊಂಡಿದ್ದರೆ ಪ್ರಕಾಶಕರು ವಾರಸುದಾರರನ್ನೆಲ್ಲ ಹುಡುಕಿ ಒಪ್ಪಿಸಬೇಕು. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ. ಹಕ್ಕು ಬೇಗ ಮುಗಿಯುವುದೂ ಇಲ್ಲ, ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ 1991ರಲ್ಲಿ ತೀರಿಕೊಂಡರು. ಅವರ ಬರಹಗಳ ಹಕ್ಕು 2051ರ ಕೊನೆಯವರೆಗೆ ಇರುತ್ತದೆ.

ಮಾರುವ ಜಾಗವೂ ಕನ್ನಡಕ್ಕೆ ತಡವಾಗಿಯೇ ಸಿಕ್ಕಿತು. 2016ರ ಕೊನೆಯಲ್ಲಿ ಅಮೆಜಾನ್ ಕಂಪನಿಯ ಇ-ಬುಕ್ ಅಂಗಡಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ತಮಿಳು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆಮೇಲೆ 2020ರಲ್ಲಿ ಮೈಲ್ಯಾಂಗ್ ಎಂಬ ಆ್ಯಪ್ ಬಂತು. ಅಲ್ಲಿ ಕನ್ನಡದ ಇ-ಬುಕ್ ಜೊತೆ ಆಡಿಯೊ ಪುಸ್ತಕವೂ ಸಿಗುತ್ತದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳಿವೆ. ತೆರಿಗೆಯಲ್ಲಿ ಮಾತ್ರ ನ್ಯಾಯ ಕಾಣುವುದಿಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಬುಕ್ಕಿಗೆ ಹಾಕಿದರು. 2018ರಲ್ಲಿ ಅದನ್ನು ಶೇ. 18ರಿಂದ ಶೇ. 5ಕ್ಕೆ ಇಳಿಸಿದರು, ಅದೂ ಅಚ್ಚಿನ ಪ್ರತಿ ಇರುವ ಪುಸ್ತಕಕ್ಕೆ ಮಾತ್ರ. ಒಂದೇ ಕಥೆಯನ್ನು ಕಾಗದದಲ್ಲಿ ಓದಿದರೆ ತೆರಿಗೆ ಇಲ್ಲ, ಪರದೆಯಲ್ಲಿ ಓದಿದರೆ ಇದೆ ಅನ್ನುವುದು ಸರಿಯಲ್ಲ.

ಇನ್ನು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸ್ಕ್ಯಾನ್ ಪ್ರತಿಗಳು. ಕೊಳ್ಳಲು ಸಿಗದ ಪುಸ್ತಕ ಅಲ್ಲಿ ಸಿಗುತ್ತದೆ ಅನ್ನುವುದು ನಿಜ. ಆದರೆ ಅದನ್ನು ನೋಡಿಯೇ ಎಷ್ಟೋ ಪ್ರಕಾಶಕರು ಇ-ಬುಕ್ ಎಂದರೆ ಹೆದರುತ್ತಾರೆ. ಹೊಸ ಪುಸ್ತಕದ ಪಿಡಿಎಫ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.

ನಿಮಗೆ ಈಗ ಇರುವ ದಾರಿ ಇನ್ನೊಂದಿದೆ. ಆಫ್‌ಸೆಟ್‌ನಲ್ಲಿ ಪುಟಗಳನ್ನು ಅಚ್ಚು ಹಾಕಲು ಬೇಕಾದ ಪ್ಲೇಟ್ ಮಾಡಿಸುವ ಖರ್ಚು ಗಿಟ್ಟಬೇಕಾದರೆ ಒಟ್ಟಿಗೆ ಸಾವಿರ ಪ್ರತಿಯಾದರೂ ಹಾಕಿಸಬೇಕು ಎನ್ನುವ ಲೆಕ್ಕ ಇತ್ತು. ಡಿಜಿಟಲ್ ಮುದ್ರಣಕ್ಕೆ ಪ್ಲೇಟ್ ಬೇಡ. ಐವತ್ತು, ನೂರು ಪ್ರತಿ ಕೂಡ ಆಗುತ್ತದೆ. ಹೀಗಾಗಿ ಮುಗಿದುಹೋದ ಪುಸ್ತಕ ಬೇಕೆಂದು ನಾಲ್ಕು ಜನ ಕೇಳಿದರೆ ಪ್ರಕಾಶಕರು ಮರುಮುದ್ರಣದ ಯೋಚನೆ ಮಾಡಬಹುದು. ಪುಸ್ತಕದ ಹೆಸರು ಹೇಳಿ, ಇ-ಬುಕ್ ಬೇಕೋ ಅಚ್ಚಿನದು ಬೇಕೋ ಅಂತ ಪ್ರಕಾಶಕರಿಗೆ ನೇರವಾಗಿ ಬರೆಯಿರಿ. ಇ-ಬುಕ್ ಕೊಂಡರೆ ನೆಟ್‌ವರ್ಕ್ ಇರುವಾಗ, ಪೇಟೆಯಲ್ಲಿದ್ದಾಗಲೇ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. ತೋಟಕ್ಕೆ ಹೋದ ಮೇಲೆ ಸಿಗ್ನಲ್ ಇಲ್ಲದಿದ್ದರೂ ಓದಬಹುದು.